ಮೂರನೇ ಸಲಕ್ಕೆ ನಿಲ್ಲುವ ಟ್ರಾನ್ಸ್‌ಫಾರ್ಮರ್

ದೊಡ್ಡದನ್ನು ನಿದ್ದೆಯಿಂದ ಎಬ್ಬಿಸುವ ಕೆಲಸಕ್ಕೆ ತಾಳ್ಮೆ ಬೇಕು, ತಿಳಿವಳಿಕೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ವಿನಯ ಬೇಕು. ಆನೆಗೂ ಅಷ್ಟೇ, ಸರಕಾರಕ್ಕೂ ಅಷ್ಟೇ, ಟ್ರಾನ್ಸ್‌ಫಾರ್ಮರಿಗೂ ಅಷ್ಟೇ. ನಮ್ಮ ಸ್ಟೇಷನ್ನಿನಲ್ಲಿ ಈ ಮೂರೂ ಗುಣಗಳ ಬದಲಿಗೆ ಒಂದು ಬಸ್ ಟಿಕೆಟ್ ಇತ್ತು.

ಈಗ ಕೆಲಸಕ್ಕೆ ಸೇರುವವರು ಪರದೆಯ ಮೇಲೆ ಒಂದು ಚೌಕ ಒತ್ತಿದರೆ ಸಾಕು, ಬ್ರೇಕರ್ ತಾನೇ ವೋಲ್ಟೇಜಿನ ಏರಿಳಿತ ನೋಡಿಕೊಂಡು, ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟೂ ತಪ್ಪದೆ ಸರಿಯಾದ ಗಳಿಗೆಗೆ ಕೂಡಿಕೊಳ್ಳುತ್ತದೆ ಎಂದು ಕೇಳಿದ್ದೇನೆ. ಒಳ್ಳೆಯದು. ನಮ್ಮ ಕಾಲದಲ್ಲಿ ಗಳಿಗೆಯನ್ನು ಆಪರೇಟರ್ ಭೀಮರಾಯಣ್ಣ ನೋಡುತ್ತಿದ್ದರು. ಅವರ ಪಂಚಾಂಗದಲ್ಲಿ ಒಂದೂವರೆ ತಾಸಿಗಿಂತ ಸಣ್ಣ ಗಳಿಗೆ ಇರಲಿಲ್ಲ.

ನನ್ನ ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಅವು ಹೇಗಾದವೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಒಂದು ಟ್ರಾನ್ಸ್‌ಫಾರ್ಮರನ್ನು ಮೊದಲ ಸಲಕ್ಕೇ ಬೀಳದಂತೆ ನಿಲ್ಲಿಸಿದ್ದು ಮಾತ್ರ ಹೇಗೆಂದು ಗೊತ್ತಿದೆ. ಅದನ್ನು ಬರೆಯುತ್ತೇನೆ.

ನಾನು ಜೂನಿಯರ್ ಎಂಜಿನಿಯರ್ ಆಗಿ ಆ ಸ್ಟೇಷನ್ನಿಗೆ ಬಂದಾಗ ನಾರಾಯಣಪುರದ ಎಡದಂಡೆ ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಸ್ಟೇಷನ್ನಿನ ಹೆಸರು ಬೇಡ. ಶಹಾಪುರದಿಂದ ಸುರಪುರಕ್ಕೆ ಹೋಗುವಾಗ ಎಡಕ್ಕೆ ನೋಡುತ್ತ ಕೂತರೆ ಯಾವುದೋ ಒಂದು ಹೊತ್ತಿಗೆ ಕಾಣುತ್ತದೆ. ಒಂದೇ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್. ಅದರಿಂದಲೇ ಸುತ್ತಲಿನ ಊರುಗಳಿಗೆ ಬೆಳಕು, ಹಿಟ್ಟಿನ ಗಿರಣಿಗಳಿಗೆ ಜೀವ, ಮತ್ತು ಕಾಲುವೆಯ ನೀರನ್ನು ಎತ್ತರದ ಹೊಲಗಳಿಗೆ ಎತ್ತಿಕೊಡುವ ಪಂಪ್‌ಹೌಸಿಗೆ ಕರೆಂಟು.

ಸೇರಿದ ಮೊದಲ ವಾರದಲ್ಲೇ ಲೈನ್ ಹೋಗಿ ಬಂತು. ಟ್ರಾನ್ಸ್‌ಫಾರ್ಮರನ್ನು ಮತ್ತೆ ಚಾರ್ಜ್ ಮಾಡಬೇಕು, ಅಂದರೆ ಲೈನಿಗೆ ಕೂಡಿಸಿ ಎಬ್ಬಿಸಬೇಕು. ಭೀಮರಾಯಣ್ಣ ಹ್ಯಾಂಡಲ್ ತಿರುಗಿಸಿದರು. ಯಾರ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ ಹೋರಿಯಂತೆ ಗುಟುರು ಹಾಕಿತು, ಅಮ್ಮೀಟರಿನ ಮುಳ್ಳು ಆ ತುದಿಗೆ ಹೋಗಿ ಬಡಿಯಿತು, ರಿಲೇ ಟಕ್ ಅಂದಿತು, ಬ್ರೇಕರ್ ಲೈನ್ ಕಡಿದುಕೊಂಡು ಬಿತ್ತು. ನಾನು ಗಾಬರಿಯಾಗಿ ಎದ್ದು ನಿಂತೆ.

"ಕುಂದರ್ರಿ ಸಾಹೇಬ್ರ," ಎಂದರು ಭೀಮರಾಯಣ್ಣ. "ಇದು ಮೊದಲನೇದು. ಇನ್ನೊಂದು ಸಲ ಬೀಳ್ತದ. ಮೂರನೇದಕ್ಕ ನಿಲ್ತದ."

"ಯಾಕ ಬೀಳ್ತದ?"

"ಅದರ ಸ್ವಭಾವ ರಿ."

ಎರಡನೆಯದಕ್ಕೆ ಬಿತ್ತು. ಮೂರನೆಯದಕ್ಕೆ ನಿಂತಿತು. ಮೂರನೆಯದಕ್ಕೂ ನಿಲ್ಲದಿದ್ದರೆ ಏನು ಎಂದು ಕೇಳಿದೆ. ಭೀಮರಾಯಣ್ಣ ನನ್ನ ಅಂಗಿಯ ಜೇಬನ್ನೇ ನೋಡುತ್ತ, "ಬಸ್ಸಿನ್ಯಾಗ ಬಂದೀರಲ್ರಿ, ಟಿಕೆಟ್ ಒಗದಿಲ್ಲಲ್ಲ?" ಎಂದರು.

ಇದು ಸ್ಟೇಷನ್ನಿನ ಪದ್ಧತಿ. ಹಟ ಮಾಡಿದ ದಿನ ರಿಲೇಯ ಗಾಜು ತೆಗೆದು, ಅದು ಬ್ರೇಕರನ್ನು ಬೀಳಿಸಲು ಕೂಡಿಸುವ ಎರಡು ಸಣ್ಣ ತುದಿಗಳ ನಡುವೆ ಬಸ್ ಟಿಕೆಟ್ಟು ಮಡಚಿ ಇಡುವುದು. ರಿಲೇ ಎಷ್ಟು ಕೂಗಿಕೊಂಡರೂ ಬ್ರೇಕರಿಗೆ ಕೇಳಿಸುವುದಿಲ್ಲ. ಟ್ರಾನ್ಸ್‌ಫಾರ್ಮರ್ ಗುಟುರು ಹಾಕಿ ಹಾಕಿ ತಣ್ಣಗಾದ ಮೇಲೆ ಟಿಕೆಟ್ ತೆಗೆಯುವುದು. ಯಾರ ಟಿಕೆಟ್ಟೋ ಅವರೇ ತೆಗೆಯಬೇಕು ಎಂಬುದೊಂದು ನಿಯಮವೂ ಇತ್ತು. ಬರೆದಿಟ್ಟ ನಿಯಮಗಳಿಗಿಂತ ಅದನ್ನು ಹೆಚ್ಚು ಶ್ರದ್ಧೆಯಿಂದ ಪಾಲಿಸುತ್ತಿದ್ದರು.

ಹೊಸಬರಿಗಾಗಿ ಒಂದು ಮಾತು. ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣಕ್ಕೆ ನೆನಪು ಇರುತ್ತದೆ. ಆರಿಸಿದಾಗ ಅದರ ಕಾಂತತ್ವ ಯಾವ ಕಡೆಗೆ ವಾಲಿತ್ತೋ ಸ್ವಲ್ಪಮಟ್ಟಿಗೆ ಆ ಕಡೆಗೇ ವಾಲಿಕೊಂಡು ಮಲಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಲೈನೂ ಅದೇ ಕಡೆಗೆ ತಳ್ಳಿದರೆ ಕಬ್ಬಿಣ ತುಂಬಿಹೋಗುತ್ತದೆ. ತುಂಬಿದ ಕಬ್ಬಿಣ ಕರೆಂಟನ್ನು ತಡೆಯಲಾರದು. ಆಗ ಸುರುಳಿಯೊಳಗೆ ಎಂಟು ಪಟ್ಟು, ಹತ್ತು ಪಟ್ಟು ಕರೆಂಟು ನುಗ್ಗುತ್ತದೆ, ಕೆಲವು ಸೆಕೆಂಡಿನಲ್ಲಿ ತಾನೇ ಇಳಿಯುತ್ತದೆ. ಇತ್ತ ರಿಲೇಯ ಕೆಲಸ ಎಂದರೆ ಒಳಗೆ ಹೋದದ್ದು ಹೊರಗೆ ಬಂತೋ ಇಲ್ಲವೋ ನೋಡುವುದು. ಇಷ್ಟು ಒಳಗೆ ಹೋಗಿ ಏನೂ ಹೊರಗೆ ಬರದಿದ್ದರೆ ಒಳಗೆ ಬೆಂಕಿ ಬಿದ್ದಿದೆ ಎಂದೇ ಅದು ತಿಳಿಯುತ್ತದೆ. ಈಗಿನ ರಿಲೇಗಳಿಗೆ ನುಗ್ಗಿದ ಕರೆಂಟು ಯಾವುದು, ಬೆಂಕಿಯ ಕರೆಂಟು ಯಾವುದು ಎಂಬ ವಿವೇಕ ಇದೆ. ನಮ್ಮದು ಹಳೆಯದು. ಅದಕ್ಕೆ ಇದ್ದದ್ದು ನಿಷ್ಠೆ ಮಾತ್ರ.

ನಾನು ಈ ಪದ್ಧತಿಯನ್ನು ಖಂಡಿಸಿದೆನೆಂದು ಬರೆದರೆ ಚೆನ್ನಾಗಿರುತ್ತಿತ್ತು. ನಾನು ಮಾಡಿದ್ದು ಬೇರೆ.

ಒಂದು ಮಂಗಳವಾರ ಕೆಂಭಾವಿಯ ಸಂತೆ ಮುಗಿಸಿಕೊಂಡು ಬಂದೆ. ಟ್ರಾನ್ಸ್‌ಫಾರ್ಮರ್ ಅಂದು ಮೂರನೆಯದಕ್ಕೂ ನಿಂತಿರಲಿಲ್ಲ. ಭೀಮರಾಯಣ್ಣ ವನದುರ್ಗದಿಂದ ಸೈಕಲ್ಲಿನಲ್ಲಿ ಬರುವವರು, ಅವರ ಬಳಿ ಟಿಕೆಟ್ ಇರುತ್ತಿರಲಿಲ್ಲ. ನನ್ನದನ್ನು ಕೊಟ್ಟೆ. "ನಾನ ತೆಗಿತೇನಿ," ಎಂದೂ ಹೇಳಿದೆ. ಅಷ್ಟರಲ್ಲಿ ಗೇಟಿನಲ್ಲಿ ಶರಣಮ್ಮನ ದನಿ ಕೇಳಿತು. ಪಂಪ್‌ಹೌಸಿನ ನೀರು ಕೊನೆಗೆ ಮುಟ್ಟುವ ಊರಿನವಳು, ನಾಲ್ಕು ಎಕರೆ ಮೆಣಸಿನಕಾಯಿ ಹೊಲದ ಒಡತಿ. ವೋಲ್ಟೇಜ್ ಕಡಿಮೆಯಾಗಿ ಪಂಪು ನೀರೆತ್ತದ ದಿನವೆಲ್ಲ ನಮ್ಮ ಗೇಟಿಗೆ ಬರುತ್ತಿದ್ದಳು.

"ಏನ್ರಿ ಸಾಹೇಬ್ರ, ಕರೆಂಟ ಕೊಡಾಕತ್ತೀರೋ, ಕರೆಂಟಿನ ವಾಸನಿ ತೋರ್ಸಾಕತ್ತೀರೋ? ಪಂಪ ತಿರುಗೂದ ನೋಡಿದ್ರ ನಮ್ಮತ್ತಿ ಬೀಸೂಕಲ್ಲ ಜೋರ ತಿರಗತದ."

ಅವಳೊಂದಿಗೆ ಅರ್ಧ ತಾಸು ವಾದ ಮಾಡಿ ಸೋತು ಒಳಗೆ ಬಂದೆ. ಟಿಕೆಟ್ ಮರೆತೆ.

ಹನ್ನೊಂದು ದಿನ ಅದು ಅಲ್ಲೇ ಇತ್ತು. ಹನ್ನೆರಡನೆಯ ದಿನ ಮಟಮಟ ಮಧ್ಯಾಹ್ನ ಟ್ರಾನ್ಸ್‌ಫಾರ್ಮರಿನ ಒಳಗೆ ನಿಜವಾಗಿಯೇ ಸುರುಳಿ ಸುಟ್ಟಿತು. ರಿಲೇ ತನ್ನ ಜೀವಮಾನದಲ್ಲಿ ಮೊದಲ ಸಲ ಸರಿಯಾದ ಕಾರಣಕ್ಕೆ ಕೂಗಿತು. ಅದರ ಬಾಯಲ್ಲಿ ಕೆಂಭಾವಿಯ ಟಿಕೆಟ್ ಇತ್ತು. ನಮಗೆ ಕರೆಂಟು ಕಳಿಸುವ ಮೇಲಿನ ಸ್ಟೇಷನ್ನಿನವರು ಲೈನ್ ತೆಗೆಯುವ ಹೊತ್ತಿಗೆ ಒಳಗಿನ ಎಣ್ಣೆ ಕುದಿದು ಮುಚ್ಚಳ ಬಾಯಿಬಿಟ್ಟಿತ್ತು.

ಯಾದಗಿರಿಯಿಂದ ಎಕ್ಸಿಕ್ಯೂಟಿವ್ ಎಂಜಿನಿಯರ್ ಬಂದರು. ಮೈಸೂರು ಕಡೆಯವರು, ಮೃದುವಾಗಿ ಮಾತಾಡುವವರು. ಭೀಮರಾಯಣ್ಣ "ಬರ್ರಿ ಸಾಹೇಬ್ರ, ಚಾ ಕುಡೀರಿ" ಅಂದರೂ ಅವರಿಗೆ ಜಗಳಕ್ಕೆ ಕರೆದಂತೆ ಕೇಳುತ್ತಿತ್ತು. ರಿಲೇಯ ಗಾಜು ತೆಗೆದು, ಚಿಮಟದಲ್ಲಿ ಟಿಕೆಟ್ ಎತ್ತಿ, ಬಿಸಿಲಿಗೆ ಹಿಡಿದು ಓದಿದರು.

"ಕೆಂಭಾವಿಯಿಂದ ಶಹಾಪುರ. ಯಾರದಪ್ಪಾ ಇದು?"

"ನನ್ನದು ಸರ್," ಎಂದೆ.

"ರಿಲೇ ಪೆಟ್ಟಿಗೆ ಬೀಗದ ಕೈ?"

"ನನ್ನ ಹತ್ರ ಇರ್ತದ್ರಿ," ಎಂದರು ಭೀಮರಾಯಣ್ಣ.

"ಸಂತೋಷ. ಇಬ್ಬರಿಗೂ ಮೆಮೊ." ಟಿಕೆಟ್ಟನ್ನು ಒಂದು ಲಕೋಟೆಗೆ ಹಾಕಿ ಫೈಲಿಗೆ ಲಗತ್ತಿಸಿದರು. ಅಷ್ಟು ದೂರ ಪ್ರಯಾಣ ಮಾಡಿದ ಟಿಕೆಟ್ಟನ್ನು ನಾನು ಬೇರೆ ಕಂಡಿಲ್ಲ.

ಭೀಮರಾಯಣ್ಣನ ಸೇವೆ ಇನ್ನು ಒಂದು ವರ್ಷವೂ ಉಳಿದಿರಲಿಲ್ಲ. ಇಪ್ಪತ್ತೆಂಟು ವರ್ಷ ಹ್ಯಾಂಡಲ್ ಹಿಡಿದವರನ್ನು ಕೈಗುಣ ಸರಿಯಿಲ್ಲವೆಂದು ಸಾಮಾನಿನ ಸ್ಟೋರಿಗೆ ಹಾಕುತ್ತಾರೆ ಎಂಬ ಸುದ್ದಿ ಹಬ್ಬಿತು. ಅವರು ಎಂದಿನಂತೆ ನನಗೂ ಚಾ ಸುರಿದು ಕೊಟ್ಟರು. ಆ ಚಾ ಮೆಮೊಗಿಂತ ಭಾರವಾಗಿತ್ತು.

ವರ್ಕ್‌ಶಾಪಿನಿಂದ ರಿಪೇರಿಯಾದ ಇನ್ನೊಂದು ಟ್ರಾನ್ಸ್‌ಫಾರ್ಮರ್ ದೊಡ್ಡ ಲಾರಿಯಲ್ಲಿ ಬಂತು. ಕೂಡಿಸಿ, ಎಣ್ಣೆ ತುಂಬಿ, ಪರೀಕ್ಷೆಯವರು ಮೂರು ದಿನ ಅದರ ನಾಡಿ ಹಿಡಿದು ನೋಡಿದರು. ನಾಲ್ಕನೆಯ ದಿನ ಬೆಳಿಗ್ಗೆ ತಮ್ಮ ಕಡೆಯ ಪರೀಕ್ಷೆ ಮುಗಿಸಿ, ಸಾಮಾನು ಕಟ್ಟಿಕೊಂಡು ಕಲಬುರಗಿ ಬಸ್ ಹತ್ತಿದರು. ಯಾದಗಿರಿಯ ಸಾಹೇಬರು ಮತ್ತೆ ಬಂದು ರಿಲೇಯ ಗಾಜಿಗೆ ಸೀಸದ ಸೀಲ್ ಹಾಕಿಸಿದರು.

"ಟಿಕೆಟ್ ಇಲ್ಲ, ಚೀಟಿ ಇಲ್ಲ, ಬೀಡಿ ಕಾಗದ ಇಲ್ಲ," ಎಂದರು. "ಮೂರು ಸಲ ನೋಡೋಣ. ನಿಲ್ಲದಿದ್ದರೆ ಟ್ರಾನ್ಸ್‌ಫಾರ್ಮರಿನಲ್ಲೇ ದೋಷ ಅಂತ ಬರೆದು ಇದೇ ಲಾರಿಯಲ್ಲಿ ವಾಪಸ್."

ವಾಪಸ್ ಎಂದರೆ ಎರಡು ತಿಂಗಳು. ಕಾಲುವೆಯಲ್ಲಿ ನೀರು ಇನ್ನು ಹನ್ನೆರಡು ದಿನ ಮಾತ್ರ ಎಂದು ನೀರಾವರಿಯವರು ಡಂಗುರ ಹೊಡೆಸಿದ್ದರು. ಗೇಟಿನ ಹೊರಗೆ ಬೇವಿನ ನೆರಳಲ್ಲಿ ಇಪ್ಪತ್ತು ಮೂವತ್ತು ಜನ ಕೂತಿದ್ದರು, ಮುಂದೆ ಶರಣಮ್ಮ. ನಾನು ಹಾದುಹೋಗುವಾಗ ಅವಳು ಜಗಳ ಆಡಲಿಲ್ಲ. "ನೀರ ನಮ್ಮ ಕಣ್ಣ ಮುಂದನ ಹೋಗಾಕತ್ತದ್ರಿ ಸಾಹೇಬ್ರ," ಎಂದಳು. "ಕೈ ಮಾಡಿ ಕರದ್ರ ಮ್ಯಾಲ ಏರಂಗಿಲ್ಲ ಅದು. ಮೆಣಸಿನಕಾಯಿ ಅಗಿ ಹಚ್ಚೇವಿ. ಎಂಟ ದಿನ ತಡೀತಾವ, ಹತ್ತ ದಿನ ತಡ್ಯಾಂಗಿಲ್ಲ."

ಭೀಮರಾಯಣ್ಣ ಮೊದಲ ಸಲ ಹ್ಯಾಂಡಲ್ ತಿರುಗಿಸಿದರು. ಇಡೀ ಕಟ್ಟಡ ನಡುಗಿತು. ಬಿತ್ತು. ಎರಡನೆಯ ಸಲ. ಮೊದಲಿಗಿಂತ ಜೋರಾಗಿ ಬಿತ್ತು. ಈ ಸಲ ಮೇಲಿನ ಸ್ಟೇಷನ್ನೂ ಕತ್ತಲಾಯಿತೆಂದು ಫೋನಿನಲ್ಲಿ ಬೈಗಳು ಬಂದವು.

"ಚಿಂತಿ ಬ್ಯಾಡ್ರಿ, ಮೂರನೇದಕ್ಕ..." ಎಂದು ಭೀಮರಾಯಣ್ಣ ಮತ್ತೆ ಕೈ ಹಾಕಿದರು.

"ತಡೀರಿ," ಎಂದೆ. "ಅದ ಕಡೀದು. ಸರ್, ಸಂಜೆವರೆಗೆ ಟೈಮ್ ಕೊಡಿ."

ಸಾಹೇಬರು ಗಡಿಯಾರ ನೋಡಿದರು. "ನಾನು ಶಹಾಪುರದಲ್ಲಿ ಊಟ ಮಾಡಿ ಬರ್ತೀನಿ. ಐದು ಗಂಟೆ. ಐದು ಗಂಟೆಗೆ ಲಾರಿಗೆ ಹೇಳೋದೇ," ಎಂದು ಜೀಪು ಹತ್ತಿದರು.

ನನ್ನ ಬಳಿ ಯೋಜನೆ ಏನೂ ಇರಲಿಲ್ಲ. ಕಾಲೇಜಿನಲ್ಲಿ ಓದಿದ ಅರ್ಧ ಪುಟ ಇತ್ತು. ಹಳೆಯ ಲಾಗ್ ಬುಕ್ ತೆಗೆದರೆ ಅದರಲ್ಲಿ ಪ್ರತಿ ಸಲವೂ 'ಚಾರ್ಜ್ ಆಯಿತು' ಎಂದಷ್ಟೇ ಇತ್ತು. ಎಷ್ಟನೆಯ ಸಲಕ್ಕೆ ಎಂದು ಬರೆಯುವುದು ಯಾರಿಗೂ ಮರ್ಯಾದೆಯ ವಿಷಯವಾಗಿರಲಿಲ್ಲ.

"ಭೀಮರಾಯಣ್ಣ, ಹಳೇದು ಮೊದಲಿಂದನೂ ಹಿಂಗೇ ಮಾಡ್ತಿತ್ತೇನ್ರಿ?"

ಅವರು ಊಟದ ಚೀಲದ ತಳದಿಂದ ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿಯೊಂದನ್ನು ತೆಗೆದರು. "ನಗಬ್ಯಾಡ್ರಿ ಮತ್ತ."

ನಗುವಂಥದ್ದೇ. ಹದಿಮೂರು ವರ್ಷ ಆ ಸ್ಟೇಷನ್ನಿನಲ್ಲಿ ತಾವು ಚಾರ್ಜ್ ಮಾಡಿದ ಪ್ರತಿ ಸಲದ ದಿನ, ತಿಥಿ, ಹಾಜರಿದ್ದ ಸಾಹೇಬರು, ಟ್ಯಾಪ್ ನಂಬರು, ಎಷ್ಟನೆಯ ಸಲಕ್ಕೆ ನಿಂತಿತು ಎಂಬುದು. ಅಮಾವಾಸ್ಯೆಯ ಕಾಟವೋ, ಯಾರ ಕಾಲ್ಗುಣವೋ ಕಂಡುಹಿಡಿಯಬೇಕೆಂದು ಬರೆದದ್ದಂತೆ. ಒಂದು ಪುಟದಲ್ಲಿ 'ಹೊಸ ಜೆ.ಇ. ಸಾಹೇಬರು ಹಾಜರ್: ನಾಲ್ಕು' ಎಂದು ನನ್ನ ಮೇಲಿನ ಗುಮಾನಿಯೂ ಇತ್ತು. ಟ್ಯಾಪ್ ನಂಬರು ಯಾಕೆ ಬರೆದಿರಿ ಎಂದರೆ, "ಖಾನೆ ಒಂದ ಉಳದಿತ್ರಿ," ಎಂದರು.

ಅಮಾವಾಸ್ಯೆ ನಿರ್ದೋಷಿ ಎಂಬುದು ಐದು ನಿಮಿಷದಲ್ಲಿ ಗೊತ್ತಾಯಿತು. ನಾನು ನಿರ್ದೋಷಿ ಎಂಬುದಕ್ಕೆ ಹತ್ತು ನಿಮಿಷ ಹಿಡಿಯಿತು. ಮೊದಲ ಪುಟಗಳಲ್ಲಿ ಸಾಲು ಸಾಲಾಗಿ 'ಒಂದನೇದಕ್ಕೆ ನಿಂತಿತು, ಒಂದನೇದಕ್ಕೆ ನಿಂತಿತು'. ಆಮೇಲೆ ಒಂದು ಪುಟದಿಂದ ಇದ್ದಕ್ಕಿದ್ದಂತೆ ಮೂರು, ಮೂರು, ಎರಡು, ಮೂರು, ನಾಲ್ಕು.

"ಇಲ್ಲಿಂದ ಏನಾತು?"

"ಕಾಲುವಿ ಬಂತಲ್ರಿ. ಪಂಪ್‌ಹೌಸ್ ಚಾಲೂ ಆತು. ನನ್ನ ಲೆಕ್ಕದಾಗ ಕಾಲುವಿ ತಂಪಿಗೆ ಅದಕ್ಕ ಥಂಡಿ ಹತ್ತಿತ್ತು."

ನಾನು ಟ್ಯಾಪಿನ ಖಾನೆಯ ಮೇಲೆ ಬೆರಳಾಡಿಸಿದೆ. ಕಾಲುವೆಗೆ ಮೊದಲು ಐದು, ನಾಲ್ಕು, ಐದು. ಕಾಲುವೆ ಬಂದ ಮೇಲೆ ಹದಿನೇಳು, ಹದಿನೇಳು, ಹದಿನೇಳು.

ಟ್ಯಾಪ್ ಎಂದರೆ ಮೇಲಿನ ಲೈನಿಗೆ ಟ್ರಾನ್ಸ್‌ಫಾರ್ಮರಿನ ಎಷ್ಟು ಸುತ್ತು ತಂತಿ ಜೋಡಿಸಬೇಕೆಂದು ಆರಿಸುವ ಸಾಧನ. ಒಂದನೆಯದರಲ್ಲಿ ಸುತ್ತು ಹೆಚ್ಚು, ಹದಿನೇಳರಲ್ಲಿ ಕಡಿಮೆ. ಹದಿನೇಳಕ್ಕೆ ಇಟ್ಟರೆ ಊರುಗಳಿಗೆ ವೋಲ್ಟೇಜ್ ಏರುತ್ತದೆ. ಶರಣಮ್ಮನಂಥವರು ಗೇಟಿಗೆ ಬಂದು ಬೈದಾಗಲೆಲ್ಲ ನಾವು ಒಂದೊಂದೇ ಮೆಟ್ಟಿಲು ಏರಿಸಿ ಏರಿಸಿ ಹದಿನೇಳಕ್ಕೆ ಮುಟ್ಟಿಸಿದ್ದೆವು. ಅದು ಸರಿಯೇ. ಆದರೆ ಲೈನ್ ಹೋಗಿ ಬಂದಾಗಲೂ ಅದನ್ನು ಅಲ್ಲೇ ಬಿಟ್ಟು ಚಾರ್ಜ್ ಮಾಡುತ್ತಿದ್ದೆವು. ಸುತ್ತು ಕಡಿಮೆ ಇದ್ದಷ್ಟೂ ಕಬ್ಬಿಣದ ಮೇಲೆ ಒತ್ತಡ ಹೆಚ್ಚು. ಅದಕ್ಕೆ ತಕ್ಕಂತೆ ಗುಟುರು. ಜನರಿಗೆ ನಾವು ತೋರಿದ ಕರುಣೆಯನ್ನೆಲ್ಲ ಟ್ರಾನ್ಸ್‌ಫಾರ್ಮರ್ ಎದೆಯ ಮೇಲೆ ಹೊತ್ತುಕೊಂಡಿತ್ತು.

"ಈ ಹೊಸದರ ಟ್ಯಾಪ್ ಎಷ್ಟಕ್ಕ ಅದ?"

ಭೀಮರಾಯಣ್ಣ ತಲೆ ತಗ್ಗಿಸಿದರು. "ಮುಂಜಾನೇನ ಹದಿನೇಳಕ್ಕ ತಿರುವಿ ಇಟ್ಟೀನ್ರಿ. ಕಡೀ ಊರಿನವ್ರಿಗಿ ಅನುಕೂಲ ಆಗ್ಲಿ ಅಂತ."

ಡೈರಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ವರ್ಷಕ್ಕೊಮ್ಮೆ ಪರೀಕ್ಷೆಯವರು ಬಂದು ಹೋದ ದಿನ ಅದು ಮೂರಕ್ಕೂ ನಿಂತಿರಲಿಲ್ಲ. ಅಂಥ ದಿನವೇ ಟಿಕೆಟ್ ಬೇಕಾಗುತ್ತಿತ್ತು. ಪರೀಕ್ಷೆಯವರ ದೃಷ್ಟಿ ತಾಗುತ್ತದೆ ಎಂದು ಭೀಮರಾಯಣ್ಣ ಪಕ್ಕದಲ್ಲಿ ಬರೆದಿದ್ದರು. ತಾಗುತ್ತಿದ್ದದ್ದು ಅವರ ಬ್ಯಾಟರಿ. ಸುರುಳಿಯ ತಂತಿ ನೆಟ್ಟಗಿದೆಯೇ ಎಂದು ನೋಡಲು ಅವರು ಕಡೆಯಲ್ಲಿ ಬ್ಯಾಟರಿಯ ಕರೆಂಟು ಹರಿಸುತ್ತಿದ್ದರು. ಬ್ಯಾಟರಿಯ ಕರೆಂಟು ಒಂದೇ ದಿಕ್ಕಿಗೆ ಹೋಗುವಂಥದ್ದು. ಕಬ್ಬಿಣವನ್ನು ಗಟ್ಟಿಯಾಗಿ ಒಂದು ಕಡೆಗೆ ವಾಲಿಸಿಟ್ಟು ಅವರು ಬಸ್ ಹತ್ತುತ್ತಿದ್ದರು. ಆ ದಿನ ಬೆಳಿಗ್ಗೆಯೂ ಹಾಗೆಯೇ ಹತ್ತಿದ್ದರು.

ವಾಲಿದ್ದನ್ನು ನೆಟ್ಟಗೆ ಮಾಡಲು ಬ್ಯಾಟರಿಯನ್ನೇ ತಿರುಗಾಮುರುಗಾ ಜೋಡಿಸಬೇಕು: ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ, ಪ್ರತಿ ಸಲ ಮೊದಲಿಗಿಂತ ಕಡಿಮೆ ಕರೆಂಟು, ಕೊನೆಗೆ ಏನೂ ಉಳಿಯದಂತೆ. ಆದರೆ ಬ್ಯಾಟರಿ ಬಸ್ಸಿನಲ್ಲಿ ಹೋಗಿತ್ತು. ನಾವಿಬ್ಬರೂ ಒಟ್ಟಿಗೆ ಲಾರಿಯ ಕಡೆ ನೋಡಿದೆವು.

ಚಾಲಕ ಕಾಶೀಮ್ ಲಾರಿಯ ಅಡಿಯಲ್ಲಿ ಮಲಗಿದ್ದ. "ನನ್ನ ಗಾಡಿದು ಬ್ಯಾಟರಿ ತಗದು ನನ್ನ ಗಾಡಿನೇ ಇಲ್ಲಿ ನಿಲ್ಲಸ್ತೀರಿ?" ಎಂದು ಕೇಳಿ, ವಿಷಯ ಅರ್ಥವಾದ ಮೇಲೆ ತಾನೇ ಪಾನಾ ತಂದು ಎರಡೂ ಬ್ಯಾಟರಿ ಬಿಚ್ಚಿದ. ಖಾಲಿ ಗಾಡಿಯಲ್ಲಿ ಊರಿಗೆ ಹೋಗುವ ಆಸೆ ಅವನಿಗೂ ಇತ್ತು.

ಕರೆಂಟನ್ನು ಮೆಲ್ಲಗೆ ಏರಿಸಿ ಇಳಿಸಲು ಒಂದು ಬಕೆಟ್ ನೀರು, ಒಂದು ಹಿಡಿ ಉಪ್ಪು, ಎರಡು ಕಬ್ಬಿಣದ ಪಟ್ಟಿ. ಪಟ್ಟಿಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿದಷ್ಟೂ ಕರೆಂಟು ಹೆಚ್ಚು, ಎತ್ತಿದಷ್ಟೂ ಕಡಿಮೆ. ಉಪ್ಪು ಕೇಳಲು ಗೇಟಿಗೆ ಹೋದೆ. ಶರಣಮ್ಮ ಬುತ್ತಿಯ ಗಂಟು ಬಿಚ್ಚಿ ಉಪ್ಪಿನ ಪೊಟ್ಟಣ ಕೊಟ್ಟು, ಬೇಲಿಗೆ ಮುಖ ಹಚ್ಚಿ ನೋಡಿದಳು.

"ಉಪ್ಪ ಹಾಕಿದ್ರಿ, ಬರೋಬ್ಬರಿ. ಒಗ್ಗರಣಿ ಯಾವಾಗ ಕೊಡ್ತೀರಿ?"

"ಐದಕ್ಕ," ಎಂದರು ಭೀಮರಾಯಣ್ಣ.

ಲೈನ್ ಬಿಡಿಸಿ, ಅರ್ಥಿಂಗ್ ಮಾಡಿ, ಕೆಲಸ ಶುರು ಮಾಡಿದೆವು. ನಾನು ಪಟ್ಟಿ ಮುಳುಗಿಸುವುದು, ಎತ್ತುವುದು. ಭೀಮರಾಯಣ್ಣ ತಂತಿ ಅದಲುಬದಲು ಮಾಡುವುದು. ಕಾಶೀಮ್ ತನ್ನ ಬ್ಯಾಟರಿಯ ಮೇಲೆ ಕಣ್ಣಿಡುವುದು. ಒಂದೊಂದು ಸುರುಳಿಗೂ ಹನ್ನೊಂದು ಸಲ ಅದಲುಬದಲು. ಮುಗಿದಾಗ ನಾಲ್ಕೂವರೆ. ಟ್ಯಾಪಿನ ಮೋಟರಿಗೆ ಕರೆಂಟು ಇಲ್ಲದ್ದರಿಂದ ಹದಿನೇಳರಿಂದ ಒಂದಕ್ಕೆ ಕೈಯಿಂದಲೇ ತಿರುವಬೇಕಾಯಿತು. ಭೀಮರಾಯಣ್ಣ ಒಬ್ಬರೇ ತಿರುವಿದರು, ಯಾರಿಗೂ ಕೊಡಲಿಲ್ಲ.

ಕೊನೆಗೆ ಮೇಲಿನ ಸ್ಟೇಷನ್ನಿಗೆ ಫೋನ್ ಮಾಡಿ, ಅವರ ಕಡೆಯಿಂದ ವೋಲ್ಟೇಜನ್ನು ಎರಡು ಮೆಟ್ಟಿಲು ಇಳಿಸಿ ಕೊಡಿ ಎಂದೆ.

"ನಿಮ್ಮ ಡಬ್ಬಿ ಎಬ್ಸಾಕ ನಾವು ಜೋಗುಳ ಹಾಡಬೇಕೇನ್ರಿ?" ಎಂದಿತು ಆ ಕಡೆಯ ದನಿ. ಬೈಯುತ್ತಲೇ ಇಳಿಸಿತು.

ಐದು ಗಂಟೆಗೆ ಸರಿಯಾಗಿ ಜೀಪು ಬಂತು. ಸಾಹೇಬರು ಬಕೆಟ್ಟನ್ನು ನೋಡಿದರು, ಬ್ಯಾಟರಿ ಇಲ್ಲದ ಲಾರಿಯನ್ನು ನೋಡಿದರು, ರಿಲೇಯ ಸೀಲನ್ನು ಕೈಯಿಂದ ಮುಟ್ಟಿ ನೋಡಿದರು. ಸೀಲ್ ಇತ್ತು.

"ಯಾರು ಹಾಕ್ತೀರಿ?"

ಭೀಮರಾಯಣ್ಣ ಹಿಂದೆ ಸರಿದರು. "ಸಾಹೇಬ್ರು ಹಾಕ್ಲಿ ರಿ. ನನ್ನ ಕೈಗುಣ..."

"ಟಿಕೆಟ್ ನಂದು," ಎಂದೆ. "ಕೈ ನಿಮ್ದೇ ಬೇಕು. ಹಾಕ್ರಿ."

ಅವರು ಟೋಪಿ ತೆಗೆದಿಟ್ಟು ಹ್ಯಾಂಡಲ್ ಹಿಡಿದರು. ಒಂದು ಕ್ಷಣ ಕಿಟಕಿಯಾಚೆ ಯಾರ್ಡಿನ ಕಡೆ ನೋಡಿದರು. ತಿರುಗಿಸಿದರು.

ಬ್ರೇಕರ್ ಧಡ್ ಎಂದಿತು. ನಾವೆಲ್ಲ ಗುಟುರಿಗೆ ಕಾದೆವು. ಗುಟುರು ಬರಲಿಲ್ಲ. ಊಟ ಮಾಡಿ ಕೂತ ಹಿರಿಯರು ಹೂಂ ಅನ್ನುವಂತೆ ಟ್ರಾನ್ಸ್‌ಫಾರ್ಮರ್ ಹೂಂ ಅಂದಿತು, ಅದೇ ದನಿಯಲ್ಲಿ ಮುಂದುವರಿಯಿತು. ಅಮ್ಮೀಟರಿನ ಮುಳ್ಳು ಕಾಲು ಭಾಗ ಎದ್ದು, ಯಾರೂ ಕರೆದಿಲ್ಲವೆಂದು ತಿಳಿದು ಮೆಲ್ಲಗೆ ಕೂತಿತು. ಗಾಜಿನ ಹಿಂದೆ ರಿಲೇಯ ತಟ್ಟೆ ಒಮ್ಮೆ ಮಿಸುಕಿ ಸುಮ್ಮನಾಯಿತು. ಹತ್ತು ಸೆಕೆಂಡು. ಒಂದು ನಿಮಿಷ.

"ನಿಂತದ," ಎಂದರು ಭೀಮರಾಯಣ್ಣ, ಯಾರಿಗೂ ಅಲ್ಲದಂತೆ.

ಆಮೇಲೆ ಮೋಟರಿನಿಂದ ಟ್ಯಾಪನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ಹದಿನೇಳಕ್ಕೆ ಒಯ್ದೆವು. ಎದ್ದು ಕೂತ ಮೇಲೆ ಅದಕ್ಕೆ ಹದಿನೇಳೂ ಭಾರವಲ್ಲ. ಆರು ಗಂಟೆಗೆ ಪಂಪ್‌ಹೌಸಿನಿಂದ ಫೋನ್ ಬಂತು: ಮೂರೂ ಪಂಪು ತಿರುಗಾಕತ್ತಾವ, ನೀರು ಏರಾಕತ್ತದ. ಭೀಮರಾಯಣ್ಣ ಗೇಟಿಗೆ ಹೋಗಿ ಕೂಗಿ ಹೇಳಿದರು. ಬೇವಿನ ಕೆಳಗಿನ ಜನ ಎದ್ದು ಒಂದೇ ಸಲ ಮಾತಾಡತೊಡಗಿದರು. ಅವರು ಹೊಗಳುತ್ತಿದ್ದಾರೋ ಬೈಯುತ್ತಿದ್ದಾರೋ ಎಂದು ಸಾಹೇಬರು ನನ್ನನ್ನು ಕೇಳಿದರು. ಶರಣಮ್ಮ ಹೊರಡುವಾಗ, "ಉಪ್ಪಿನ ಋಣ ಅದ ನಿಮ್ಮ ಡಬ್ಬಿ ಮ್ಯಾಲ. ಮರಿಬ್ಯಾಡ್ರಿ," ಎಂದಳು. ಲಾರಿ ಖಾಲಿ ಹೋಯಿತು. ಬ್ಯಾಟರಿ ಇಳಿದಿದ್ದರಿಂದ ಆ ಜನರೇ ತಳ್ಳಿ ಚಾಲೂ ಮಾಡಿಕೊಟ್ಟರು.

ಸಾಹೇಬರು ಡೈರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ತಾವು ಹಾಜರಿದ್ದ ದಿನದ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತರು. ಹದಿನೈದು ದಿನದ ಮೇಲೆ ಎಲ್ಲ ಸ್ಟೇಷನ್ನುಗಳಿಗೂ ಒಂದು ಆದೇಶ ಬಂತು: ಚಾರ್ಜ್ ಮಾಡುವ ಮೊದಲು ಟ್ಯಾಪನ್ನು ಒಂದಕ್ಕೆ ತರತಕ್ಕದ್ದು, ಬ್ಯಾಟರಿ ಪರೀಕ್ಷೆಯ ನಂತರ ಕಬ್ಬಿಣದ ಕಾಂತತ್ವವನ್ನು ಇಳಿಸತಕ್ಕದ್ದು, ರಿಲೇಯಲ್ಲಿ ಯಾವುದೇ ಬಗೆಯ ಕಾಗದ ಇಡತಕ್ಕದ್ದಲ್ಲ. ಆದೇಶದಲ್ಲಿ ಭೀಮರಾಯಣ್ಣನ ಹೆಸರು ಇರಲಿಲ್ಲ. ಅಮಾವಾಸ್ಯೆಯ ಹೆಸರೂ ಇರಲಿಲ್ಲ.

ನನಗೆ ಲಿಖಿತ ಎಚ್ಚರಿಕೆ ಕೊಟ್ಟರು, ಅದು ನ್ಯಾಯವೇ. ಭೀಮರಾಯಣ್ಣನ ಮೆಮೊ ರದ್ದಾಯಿತು. ಅವರು ಅದೇ ಹ್ಯಾಂಡಲ್ ಹಿಡಿದು ನಿವೃತ್ತರಾದರು. ನಾನಿದ್ದ ಆರು ವರ್ಷಗಳಲ್ಲಿ ಆ ಟ್ರಾನ್ಸ್‌ಫಾರ್ಮರನ್ನು ಇಪ್ಪತ್ತಮೂರು ಸಲ ಚಾರ್ಜ್ ಮಾಡಿದೆವು. ಇಪ್ಪತ್ತೆರಡು ಸಲ ಮೊದಲನೆಯದಕ್ಕೇ ನಿಂತಿತು. ಒಂದು ಸಲ ತಂತಿಯ ಮೇಲೆ ಹಾವು ಬಿದ್ದಿತ್ತು.